ಪೂಜಾರಿಯನ್ನು ದಾಟಿದ ಮೇಲೆ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಗ್ಲೆಂಡಿನ ಕೋರ್ಟುಗಳಿಗೆ ಬಹಳ ಕಾಲ ಸರಿಯಾಗಿ ಹೊಂದುತ್ತಿತ್ತು. ಅಲ್ಲಿ ವಕೀಲರಲ್ಲಿ ಎರಡು ಪಂಗಡ. ಕಕ್ಷಿದಾರರನ್ನು ಎದುರು ಕೂರಿಸಿಕೊಂಡು ಕಥೆ ಕೇಳುವುದು, ಕಾಗದಪತ್ರ ಜೋಡಿಸುವುದು, ನೋಟಿಸು ಕಳಿಸುವುದು, ದಾವೆ ಹೂಡುವುದು ಸಾಲಿಸಿಟರ್ ಕೆಲಸ. ಆ ಕಾಗದದ ಕಟ್ಟನ್ನು ಓದಿ, ಕಾನೂನಿನ ಅಭಿಪ್ರಾಯ ಬರೆದು, ಗೌನು ತೊಟ್ಟು ನ್ಯಾಯಾಧೀಶರ ಮುಂದೆ ನಿಂತು ವಾದಿಸುವುದು ಬ್ಯಾರಿಸ್ಟರ್ ಕೆಲಸ. ಬ್ಯಾರಿಸ್ಟರ್ ಬೇಕಾದವರು ಮೊದಲು ಸಾಲಿಸಿಟರ್ ಬಳಿಗೇ ಹೋಗಬೇಕಿತ್ತು. ಕಟ್ಟು ಅವರ ಕೈಯಿಂದಲೇ ದಾಟಬೇಕು, ಫೀಸೂ ಅವರ ಕೈಯಿಂದಲೇ ದಾಟಬೇಕು. ನಿಮ್ಮ ಪರವಾಗಿ ಮಾತಾಡುವ ಮನುಷ್ಯನ ಬಾಗಿಲನ್ನು ನೀವೇ ತಟ್ಟುವಂತಿರಲಿಲ್ಲ.

2004ರಲ್ಲಿ ಈ ನಿಯಮ ಸಡಿಲವಾಯಿತು. ಸಾರ್ವಜನಿಕರು ಬ್ಯಾರಿಸ್ಟರನ್ನು ನೇರವಾಗಿ ಗೊತ್ತುಮಾಡಿಕೊಳ್ಳಬಹುದಾದ ‘ಪಬ್ಲಿಕ್ ಆಕ್ಸೆಸ್’ ವ್ಯವಸ್ಥೆ ಬಂತು. 2010ರಲ್ಲಿ ಕ್ರಿಮಿನಲ್, ಕೌಟುಂಬಿಕ ಮತ್ತು ವಲಸೆ ಪ್ರಕರಣಗಳಿಗೂ ಅದು ವಿಸ್ತರಿಸಿತು. ಈ ಕೊನೆಯ ಎರಡು ನಮ್ಮವರಿಗೆ ನೇರವಾಗಿ ಸಂಬಂಧಪಟ್ಟವು. ಲಂಡನ್ನಿನಲ್ಲೋ ಲೆಸ್ಟರಿನಲ್ಲೋ ಮಗಳಿರುವ, ತಮ್ಮನಿರುವ ಕನ್ನಡದ ಮನೆಗಳು ಪುಣೆಯಲ್ಲೂ ಚೆನ್ನೈಯಲ್ಲೂ ಈಗ ಸಾಕಷ್ಟಿವೆ. ವೀಸಾ ತಿರಸ್ಕಾರವೋ ವಿಚ್ಛೇದನವೋ ಎದುರಾದಾಗ ಅಲ್ಲಿಂದ ಇಲ್ಲಿಗೆ ಫೋನು ಬರುತ್ತದೆ. “ಸಾಲಿಸಿಟರ್ ಫೀಸು ಉಳಿಸಬಹುದಂತೆ, ಸೀದಾ ಬ್ಯಾರಿಸ್ಟರನ್ನೇ ಹಿಡಿಯಬಹುದಂತೆ, ಮಾಡಲೇ?”

ಮಾಡಬಹುದು. ಆ ಬಾಗಿಲು ತೆರೆದದ್ದು ಸರಿ ಎಂಬುದೇ ನನ್ನ ಅಭಿಪ್ರಾಯ. ಆದರೆ ನಡುವಿನ ಮನುಷ್ಯ ಎದ್ದುಹೋದರೆ ಅವನ ಕೆಲಸವೂ ಅವನೊಂದಿಗೆ ಹೋಗುತ್ತದೆ ಎಂಬ ನಂಬಿಕೆ ಅಪಾಯಕಾರಿ. ಆ ಕೆಲಸ ಅಲ್ಲೇ ಉಳಿಯುತ್ತದೆ, ಮಾಡುವವರು ಬದಲಾಗುತ್ತಾರೆ. ಸಾಲಿಸಿಟರ್ ಹೋದ ಕಡೆ ನೀವು ಕೂತಿರುತ್ತೀರಿ. ಅದರಲ್ಲೂ ಇಂಗ್ಲಿಷ್ ಸರಾಗವಾಗಿ ಬಾರದವರ ವಿಷಯದಲ್ಲಿ ಹೆಗಲು ಬದಲಿಸುವ ಈ ಹೊರೆ ಎಷ್ಟು ಭಾರದ್ದೆಂದು ಯಾರೂ ಹೇಳುವುದಿಲ್ಲ. ಅನುವಾದವೇ ಹೊಟ್ಟೆಪಾಡಾಗಿರುವ ನನಗೆ ಅದು ಕಾಣುವುದು ಕಾಗದಗಳ ಮೂಲಕ.

ಗೋಡೆ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಮೊದಲು ನೋಡೋಣ. ತಮಾಷೆಯೆಂದರೆ ಅದು ಶಾಸನದಿಂದ ಎದ್ದ ಗೋಡೆಯಲ್ಲ. ಅಟಾರ್ನಿಯ ಮೂಲಕವೇ ಬ್ಯಾರಿಸ್ಟರನ್ನು ನೇಮಿಸಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ ಎಂದು 1850ರಲ್ಲೇ ಅಲ್ಲಿನ ನ್ಯಾಯಾಧೀಶರು ಹೇಳಿದ್ದರು. ಗೋಡೆ ನಿಂತದ್ದು ವೃತ್ತಿಯ ಕಟ್ಟುಪಾಡಿನ ಮೇಲೆ. ಆ ಕಟ್ಟುಪಾಡಿನಲ್ಲೂ ಒಂದು ಕಿಂಡಿಯಿತ್ತು. ಕಟಕಟೆಯಲ್ಲಿ ನಿಂತ ಬಡ ಆರೋಪಿ ಸಣ್ಣದೊಂದು ಫೀಸು ಕೊಟ್ಟು, ಎದುರಿಗೆ ಗೌನು ಹಾಕಿ ಕೂತ ಬ್ಯಾರಿಸ್ಟರುಗಳಲ್ಲಿ ಒಬ್ಬರನ್ನು ಬೆರಳು ಮಾಡಿ ಆರಿಸಿಕೊಳ್ಳಬಹುದಿತ್ತು. ‘ಡಾಕ್ ಬ್ರೀಫ್’ ಎಂದು ಅದರ ಹೆಸರು. ಕೈಯಲ್ಲಿ ಏನೂ ಇಲ್ಲದವನಿಗೆ ನೇರ ದಾರಿ, ಇದ್ದವರಿಗೆ ಸುತ್ತುದಾರಿ. ಈ ಏರ್ಪಾಡೇ ಗೋಡೆ ಅನಿವಾರ್ಯವೇನಲ್ಲ ಎಂದು ತೋರಿಸುತ್ತಿತ್ತು.

ಗೋಡೆಯನ್ನು ಸಮರ್ಥಿಸುವವರ ವಾದ ಪೊಳ್ಳೇನೂ ಅಲ್ಲ. ಕಕ್ಷಿದಾರರ ಸಿಟ್ಟು, ಕಣ್ಣೀರು, ಸುಳ್ಳು, ಮರೆವು ಎಲ್ಲವೂ ಸಾಲಿಸಿಟರ್ ಮೇಜಿನ ಮೇಲೆ ಸೋಸಿಹೋಗಿ, ಗುಲಾಬಿ ಪಟ್ಟಿ ಕಟ್ಟಿದ ಬ್ರೀಫ್ ಮಾತ್ರ ಬ್ಯಾರಿಸ್ಟರ್ ಕೈ ಸೇರುತ್ತದೆ. ಹಾಗಾಗಿ ಅವರು ಪ್ರಕರಣವನ್ನು ದೂರದಿಂದ, ತಣ್ಣಗೆ ನೋಡಬಲ್ಲರು ಎಂಬುದು ಅವರ ಮಾತು. ಇದರ ಜೊತೆಗೆ ‘ಕ್ಯಾಬ್-ರ‍್ಯಾಂಕ್’ ಎಂಬ ನಿಯಮವಿದೆ. ಸ್ಟ್ಯಾಂಡಿನಲ್ಲಿ ನಿಂತ ಟ್ಯಾಕ್ಸಿಯವನು ಮುಂದೆ ಬಂದ ಸವಾರಿಯನ್ನು ಒಲ್ಲೆ ಎನ್ನುವಂತಿಲ್ಲವಲ್ಲ, ಹಾಗೆ ತನ್ನ ಪರಿಣತಿಗೆ ಸೇರಿದ, ಸರಿಯಾದ ಫೀಸಿರುವ, ಬಿಡುವಿನಲ್ಲಿ ಬಂದ ಪ್ರಕರಣವನ್ನು ಬ್ಯಾರಿಸ್ಟರ್ ಆದವರು, ಕಕ್ಷಿದಾರರು ಹಿಡಿಸಲಿಲ್ಲವೆಂದು ತಳ್ಳಿಹಾಕುವಂತಿಲ್ಲ. ಜನ ದ್ವೇಷಿಸುವ ಆರೋಪಿಗೂ ವಕೀಲರು ಸಿಗಲಿ ಎಂಬುದು ಇದರ ಉದ್ದೇಶ.

ಆದರೆ ಬ್ಯಾರಿಸ್ಟರ್ ಒಲ್ಲೆ ಎನ್ನುವಂತಿರಲಿಲ್ಲವೇ ಹೊರತು, ಯಾವ ಬ್ಯಾರಿಸ್ಟರ್ ಬಳಿಗೆ ಬ್ರೀಫ್ ಹೋಗಬೇಕು ಎಂಬುದು ಸಾಲಿಸಿಟರ್ ಇಷ್ಟಕ್ಕೆ ಬಿಟ್ಟದ್ದು. ಇದರ ಕಹಿ ಉದಾಹರಣೆ ನಮ್ಮ ಮುಂಬೈಯಲ್ಲೇ ಇದೆ. ಬ್ರಿಟಿಷರು ಈ ಎರಡು ಪಂಗಡದ ಪದ್ಧತಿಯನ್ನು ಬಾಂಬೆ ಮತ್ತು ಕಲ್ಕತ್ತಾ ಹೈಕೋರ್ಟುಗಳ ‘ಒರಿಜಿನಲ್ ಸೈಡ್’ಗೆ ತಂದಿದ್ದರು. ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಓದಿ 1922ರಲ್ಲಿ ಬ್ಯಾರಿಸ್ಟರ್ ಆದ ಅಂಬೇಡ್ಕರ್ ಮರುವರ್ಷ ಬಾಂಬೆ ಹೈಕೋರ್ಟಿನಲ್ಲಿ ವಕೀಲಿ ಶುರುಮಾಡಿದರು. ಹಣವಿದ್ದ ವ್ಯಾಜ್ಯಗಳೆಲ್ಲ ಒರಿಜಿನಲ್ ಸೈಡ್‌ನಲ್ಲಿ. ಅಲ್ಲಿ ನಿಂತು ವಾದಿಸಲು ಸಾಲಿಸಿಟರ್ ಕೊಟ್ಟ ಬ್ರೀಫ್ ಬೇಕು. ಅಸ್ಪೃಶ್ಯನೆಂಬ ಕಾರಣಕ್ಕೆ ಸಾಲಿಸಿಟರುಗಳು ಅವರೊಂದಿಗೆ ವ್ಯವಹಾರಕ್ಕೇ ಬರಲಿಲ್ಲ, ಮೇಲ್ಮನವಿಗಳನ್ನೂ ಜಿಲ್ಲೆಗಳ ಕೋರ್ಟುಗಳನ್ನೂ ನೆಚ್ಚಿಕೊಂಡು ಅವರು ವೃತ್ತಿ ನಡೆಸಬೇಕಾಯಿತು ಎಂದು ಅವರ ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬಂದವರ ವಿದ್ಯೆಯೂ ನಡುವಿನ ಬಾಗಿಲನ್ನು ತೆರೆಸಲಾರದೆ ಹೋಯಿತು. ನಡುವೆ ಒಬ್ಬರು ಕಡ್ಡಾಯವಾಗಿ ಇರಲೇಬೇಕು ಎಂದಾಗ ಆ ಒಬ್ಬರ ಜಾತಿ, ಪರಿಚಯ, ಪೂರ್ವಗ್ರಹಗಳೂ ಕಡ್ಡಾಯವಾಗುತ್ತವೆ. ನೇರ ದಾರಿಯ ಪರವಾಗಿ ಇದಕ್ಕಿಂತ ದೊಡ್ಡ ವಾದ ನನಗೆ ಗೊತ್ತಿಲ್ಲ.

ಈಗ ತೆರೆದಿರುವ ಬಾಗಿಲು ಎಷ್ಟು ಅಗಲದ್ದು? ಪಬ್ಲಿಕ್ ಆಕ್ಸೆಸ್ ತರಬೇತಿ ಮುಗಿಸಿ, ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್‌ನಲ್ಲಿ ನೋಂದಾಯಿಸಿಕೊಂಡ ಬ್ಯಾರಿಸ್ಟರ್ ಮಾತ್ರ ನಿಮ್ಮ ಕೆಲಸವನ್ನು ನೇರವಾಗಿ ಹಿಡಿಯಬಹುದು. ಅವರು ಸಲಹೆ ಕೊಡಬಹುದು, ಪತ್ರ, ಅರ್ಜಿ, ಹೇಳಿಕೆಗಳ ಕರಡು ಬರೆಯಬಹುದು, ರಾಜಿ ಮಾತಾಡಬಹುದು, ಕೋರ್ಟಿನಲ್ಲಿ ವಾದಿಸಬಹುದು. ಏನೇನು ಮಾಡುತ್ತೇವೆ, ಎಷ್ಟು ತೆಗೆದುಕೊಳ್ಳುತ್ತೇವೆ ಎಂದು ಮೊದಲೇ ಬರೆದುಕೊಡಬೇಕು. ಫೀಸಿನ ಮಾತುಕತೆ ಸಾಮಾನ್ಯವಾಗಿ ಅವರ ಕ್ಲರ್ಕ್ ಜೊತೆ. ಈ ಕ್ಲರ್ಕ್ ನಮ್ಮ ತಾಲ್ಲೂಕು ಕೋರ್ಟಿನ ವಕೀಲರ ಗುಮಾಸ್ತನಂತಲ್ಲ, ಬ್ಯಾರಿಸ್ಟರುಗಳ ದಿನಚರಿಯನ್ನೂ ದರವನ್ನೂ ಕೈಯಲ್ಲಿಟ್ಟುಕೊಂಡ ಮನುಷ್ಯ. ಒಂದು ಅಭಿಪ್ರಾಯಕ್ಕೆ ಇಷ್ಟು, ಒಂದು ವಿಚಾರಣೆಗೆ ಇಷ್ಟು ಎಂದು ಮುಂಚಿತವಾಗಿ ಗೊತ್ತಾಗುವುದೇ ಈ ದಾರಿಯ ದೊಡ್ಡ ಲಾಭ. ಗಂಟೆಗಳ ಲೆಕ್ಕದಲ್ಲಿ ಬೆಳೆಯುವ ಬಿಲ್ಲಿಗೆ ಹೆದರಿದವರಿಗೆ ಇದು ನೆಮ್ಮದಿ.

ಇನ್ನು ಮಾಡದೆ ಇರುವುದರ ಪಟ್ಟಿ. ಪ್ರತ್ಯೇಕ ಪರವಾನಗಿ ಇರುವ ಕೆಲವರನ್ನು ಬಿಟ್ಟರೆ, ಬ್ಯಾರಿಸ್ಟರ್ ನಿಮ್ಮ ಪರವಾಗಿ ದಾವೆ ದಾಖಲಿಸುವಂತಿಲ್ಲ, ಎದುರು ಪಕ್ಷಕ್ಕೆ ಕಾಗದ ಜಾರಿ ಮಾಡುವಂತಿಲ್ಲ. ನಿಮ್ಮ ಹಣವನ್ನು ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ. ಕೋರ್ಟಿನ ದಾಖಲೆಯಲ್ಲಿ ಇರುವುದು ನಿಮ್ಮದೇ ವಿಳಾಸ, ಕಾಗದ ಬರುವುದು ನಿಮ್ಮ ಮನೆಗೇ. ಕ್ಯಾಬ್-ರ‍್ಯಾಂಕ್ ನಿಯಮ ನೇರವಾಗಿ ಬಂದವರಿಗೆ ಅನ್ವಯಿಸುವುದಿಲ್ಲ, ನಿಮ್ಮನ್ನು ಅವರು ಒಲ್ಲೆ ಎನ್ನಬಹುದು. ನಿಮ್ಮ ಹಿತಕ್ಕೆ ಸಾಲಿಸಿಟರ್ ಬೇಕೇ ಬೇಕು ಎಂದು ಕಂಡರೆ ಒಲ್ಲೆ ಎನ್ನುವುದು ಅವರ ಕರ್ತವ್ಯವೂ ಹೌದು.

ಓದುವಾಗ ಇವೆಲ್ಲ ಸಣ್ಣ ಗುಮಾಸ್ತಿಕೆ ಅನ್ನಿಸುತ್ತವೆ. ಆದರೆ ಸೋಲುವುದು ಇಲ್ಲೇ. ಸಿವಿಲ್ ದಾವೆಯ ವಿವರ ಕೈಗೆ ಬಂದ 14 ದಿನದೊಳಗೆ ಉತ್ತರ ಸಲ್ಲಿಸಬೇಕು, ನೋಟಿಸು ತಲುಪಿತೆಂದು ಮೊದಲು ಒಪ್ಪಿ ಬರೆದರೆ 28 ದಿನ. ವೀಸಾ ಮೇಲ್ಮನವಿಗೆ ಆ ದೇಶದೊಳಗಿದ್ದರೆ 14 ದಿನ, ಹೊರಗಿದ್ದರೆ 28. ಈ ವಾಯಿದೆಗಳನ್ನು ಕ್ಯಾಲೆಂಡರಿನಲ್ಲಿ ಗುರುತುಹಾಕಿ ಕಾಯುತ್ತಿದ್ದವರು ಸಾಲಿಸಿಟರ್. 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂತು. ವಕೀಲರಿಲ್ಲದೆ ತಾನೇ ದಾವೆ ನಡೆಸುತ್ತಿದ್ದ ಒಬ್ಬಾತ, ಗಡುವು ಮುಗಿಯುವ ಹೊತ್ತಿಗೆ ಕಾಗದಗಳನ್ನು ಎದುರು ಪಕ್ಷದ ವಕೀಲರಿಗೆ ಈಮೇಲ್ ಮಾಡಿದ್ದ. ಈಮೇಲಿನಲ್ಲಿ ಜಾರಿ ಮಾಡಬೇಕಾದರೆ ಅವರು ಮೊದಲೇ ಒಪ್ಪಿರಬೇಕೆಂಬ ನಿಯಮವಿತ್ತು, ಅವರು ಒಪ್ಪಿರಲಿಲ್ಲ. ಕಾಗದ ತಲುಪಿದ್ದು ನಿಜ, ಎದುರಿನವರು ಓದಿದ್ದೂ ನಿಜ. ಆದರೂ ಐವರು ನ್ಯಾಯಾಧೀಶರಲ್ಲಿ ಮೂವರು ಅದನ್ನು ಜಾರಿ ಎಂದು ಒಪ್ಪಲಿಲ್ಲ. ವಕೀಲರಿಲ್ಲದವರಿಗೆಂದು ನಿಯಮ ಸಡಿಲವಾಗುವುದಿಲ್ಲ ಎಂದರು. ದಾವೆಯ ಕಾಲಮಿತಿಯೂ ಮುಗಿದಿತ್ತು. ಎಂಥ ದೊಡ್ಡ ಬ್ಯಾರಿಸ್ಟರನ್ನು ವಾದಕ್ಕೆ ಗೊತ್ತುಮಾಡಿಕೊಂಡಿದ್ದರೂ, ಕಾಗದ ಜಾರಿ ನಿಮ್ಮ ಪಾಲಿಗೆ ಬಂದಿದ್ದರೆ ಈ ಹಳ್ಳಕ್ಕೆ ಬೀಳುವವರು ನೀವೇ.

ಇಷ್ಟಾದರೂ ಯಾವುದಾದರೂ ಮಾಹಿತಿಪತ್ರದಲ್ಲಿ ಓದಿ ತಿಳಿಯಬಹುದು. ಯಾವ ಪಟ್ಟಿಯಲ್ಲೂ ಕಾಣದ ಇನ್ನೊಂದು ಕೆಲಸವನ್ನು ಸಾಲಿಸಿಟರ್ ಮಾಡುತ್ತಿದ್ದರು. ಕೇಳುತ್ತಿದ್ದರು. ಯಾರು, ಯಾವಾಗ, ನೀವೇ ಕಂಡಿರಾ, ಯಾರಾದರೂ ಹೇಳಿದರಾ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಈ ಕೇಳುವಿಕೆ ಇಲ್ಲದೆ ಕನ್ನಡದ ಕಥೆ ಇಂಗ್ಲಿಷಿಗೆ ಹೋದಾಗ ಏನಾಗುತ್ತದೆ ಎಂಬುದನ್ನು ಮೂರು ಸಣ್ಣ ಪದಗಳಲ್ಲಿ ತೋರಿಸುತ್ತೇನೆ.

ಮೊದಲನೆಯದು ‘ಅವರು’. ಗಂಡನ ಹೆಸರು ಹೇಳದ ಹೆಂಗಸು “ಅವರು ಹೊಡೆದರು” ಎನ್ನುತ್ತಾಳೆ. ಇದು ಗೌರವದ ಬಹುವಚನ, ಹೊಡೆದವನು ಒಬ್ಬನೇ. ಇಂಗ್ಲಿಷಿನಲ್ಲಿ ‘ದೇ’ ಎಂದು ಬರೆದ ಕೂಡಲೇ ಹೊಡೆದವರು ಹಲವರಾದರು. ಎರಡನೆಯದು ‘ಅತ್ತೆ’. ಗಂಡನ ತಾಯಿಯೋ, ತಂದೆಯ ತಂಗಿಯೋ, ಸೋದರಮಾವನ ಹೆಂಡತಿಯೋ? ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಎರಡು ನೆಂಟಸ್ತಿಕೆ ಒಬ್ಬರಲ್ಲೇ ಕೂಡಿರುವುದೂ ಉಂಟು. ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ‘ಅಂತೆ’. “ಮನೆ ಮಾರಿದರಂತೆ” ಎಂದಾಗ ಕನ್ನಡಿಗರು ತಾವು ಕಂಡದ್ದಲ್ಲ, ಕೇಳಿದ್ದು ಎಂದು ಎರಡೇ ಅಕ್ಷರದಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಂಡಿರುತ್ತಾರೆ. ಅವಸರದ ಅನುವಾದದಲ್ಲಿ ಮೊದಲು ಉದುರುವುದು ಈ ‘ಅಂತೆ’ಯೇ. ಆಗ ಕೇಳಿದ ಮಾತು ಕಂಡ ಸಂಗತಿಯಾಗಿಬಿಡುತ್ತದೆ. ಇಂಗ್ಲೆಂಡಿನ ಸಿವಿಲ್ ನಿಯಮಗಳ ಪ್ರಕಾರ ಸಾಕ್ಷಿ ಹೇಳಿಕೆಯಲ್ಲಿ ಯಾವುದು ಸ್ವಂತ ತಿಳಿವಳಿಕೆ, ಯಾವುದು ಬೇರೆಯವರಿಂದ ತಿಳಿದದ್ದು, ಯಾರಿಂದ ತಿಳಿದದ್ದು ಎಂದು ಬಿಡಿಸಿ ಹೇಳಬೇಕು. ನಮ್ಮ ವ್ಯಾಕರಣ ತಾನಾಗಿ ಮಾಡಿಕೊಟ್ಟ ಕೆಲಸವನ್ನು ಅನುವಾದ ಅಳಿಸಿಹಾಕುತ್ತದೆ, ಪಾಟೀಸವಾಲಿನಲ್ಲಿ ಎದುರು ವಕೀಲರು ಅದೇ ಜಾಗಕ್ಕೆ ಕೈ ಹಾಕುತ್ತಾರೆ.

ನನ್ನ ಕೈಗೆ ಬಂದ ಒಂದು ಕಡತದ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಇಂಗ್ಲೆಂಡಿನ ಒಂದು ಊರಿನಲ್ಲಿ ಗಂಡನಿಂದ ಬೇರೆಯಾದ ಹೆಂಗಸು. ಕೈಯಲ್ಲಿದ್ದ ಹಣಕ್ಕೆ ಒಂದು ವಿಚಾರಣೆಯ ಮಟ್ಟಿಗೆ ನೇರವಾಗಿ ಬ್ಯಾರಿಸ್ಟರನ್ನು ಗೊತ್ತುಮಾಡಿಕೊಂಡಿದ್ದರು. ಅವರ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವರು ಊರಿನಲ್ಲಿದ್ದ ಅಣ್ಣ, ಫೋನಿನಲ್ಲಿ ಕೇಳಿಕೊಂಡು. ನನಗೆ ಬಂದ ಕೆಲಸ ವಾಟ್ಸಾಪ್ ಸಂದೇಶಗಳ ಅನುವಾದ ಮಾತ್ರ, ಹೇಳಿಕೆಯನ್ನು ಹಿನ್ನೆಲೆಗೆಂದು ಕಳಿಸಿದ್ದರು. ಹೇಳಿಕೆಯ ಪುಟಪುಟದಲ್ಲೂ ‘ದೇ’. ಸಂದೇಶಗಳಲ್ಲಿ ಕಾಣುತ್ತಿದ್ದುದು ಒಬ್ಬನೇ ಒಬ್ಬ. ಫೋನು ಮಾಡಿ “ಅಕ್ಕಾ, ಅವರು ಅಂದರೆ ಯಾರು?” ಎಂದೆ. “ಇನ್ಯಾರು, ನಮ್ಮನೆಯವರು” ಎಂದರು. ಕನ್ನಡ ಬಲ್ಲವರಿಗೆ ಇದು ಗಂಡ. ಪದಕ್ಕೆ ಪದ ಇಟ್ಟು ಅನುವಾದಿಸಿದರೆ ಮತ್ತೆ ಇಡೀ ಮನೆ! ಆ ಹೇಳಿಕೆ ಹಾಗೇ ಹೋಗಿದ್ದರೆ, ಆ ದಿನ ಊರಿನಲ್ಲೇ ಇಲ್ಲದ ಅತ್ತೆ ಮಾವಂದಿರೂ ಕೈ ಎತ್ತಿದರೆಂದು ಈಕೆ ಸಹಿ ಹಾಕಿದಂತಾಗುತ್ತಿತ್ತು. ಅದೊಂದು ಸುಳ್ಳೆಂದು ಸಾಬೀತಾದರೆ ಅವರ ನಿಜವಾದ ಪೆಟ್ಟುಗಳನ್ನು ಯಾರು ನಂಬುತ್ತಿದ್ದರು? ವಿಷಯ ತಿಳಿದ ಬ್ಯಾರಿಸ್ಟರ್ ತಿದ್ದಿದ ಹೇಳಿಕೆ ಸಲ್ಲಿಸಲು ವ್ಯವಸ್ಥೆ ಮಾಡಿದರು. ಅವರು ಸಮರ್ಥರೇ, ಅಣ್ಣನೂ ಪ್ರೀತಿಯಿಂದಲೇ ಬರೆದದ್ದು. ಆದರೆ ಆ ಒಂದು ಪ್ರಶ್ನೆ ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಇದನ್ನು ಮನಗಂಡೇ ಇರಬೇಕು, ಅಲ್ಲಿನ ಸಿವಿಲ್ ನಿಯಮಗಳು 2020ರ ತಿದ್ದುಪಡಿಯಿಂದ ಒಂದು ಒಳ್ಳೆಯ ಮಾತು ಹೇಳುತ್ತಿವೆ: ಸಾಕ್ಷಿ ಹೇಳಿಕೆಯನ್ನು ಸಾಕ್ಷಿಯ ಸ್ವಂತ ಭಾಷೆಯಲ್ಲೇ ಸಿದ್ಧಪಡಿಸಬೇಕು, ಆಮೇಲೆ ಅನುವಾದಿಸಬೇಕು, ಅನುವಾದ ಸರಿಯಿದೆಯೆಂದು ಅನುವಾದಕರು ದೃಢೀಕರಿಸಬೇಕು. ಅಂದರೆ ಕನ್ನಡದಲ್ಲಿ ಯೋಚಿಸುವವರ ಮೂಲ ಹೇಳಿಕೆ ಕನ್ನಡದಲ್ಲೇ ಇರಬೇಕು. ವಿದೇಶದ ಕೋರ್ಟೊಂದು ನಮ್ಮ ‘ಅಂತೆ’ಗೆ ಕೊಟ್ಟ ಈ ಗೌರವವನ್ನು ನಮ್ಮವರೇ ಬಳಸಿಕೊಳ್ಳುತ್ತಿಲ್ಲ. ಅಣ್ಣನ ಇಂಗ್ಲಿಷಿಗೆ ತಂಗಿ ಸಹಿ ಹಾಕುವುದು ನಡೆದೇ ಇದೆ.

ನಡುವಿನವರನ್ನು ತೆಗೆದು ಹಾಕಿದೆವು ಎಂದುಕೊಂಡಾಗ ನಿಜವಾಗಿ ಆಗುವುದು ಇದು. ತರಬೇತಿ ಪಡೆದ, ತಪ್ಪಿದರೆ ಹೊಣೆ ಹೊರಬೇಕಾದ ಮಧ್ಯವರ್ತಿ ಹೋಗಿ, ತರಬೇತಿಯೂ ಹೊಣೆಯೂ ಇಲ್ಲದ ಬಂಧುವೊಬ್ಬರು ಆ ಜಾಗಕ್ಕೆ ಬಂದು ಕೂರುತ್ತಾರೆ. ಕಕ್ಷಿದಾರರ ಪರವಾಗಿ ಇನ್ನೊಬ್ಬರು ಬ್ಯಾರಿಸ್ಟರ್ ಜೊತೆ ವ್ಯವಹರಿಸಲು ನಿಯಮದಲ್ಲಿ ಅವಕಾಶವಿದೆ. ಕಕ್ಷಿದಾರರ ನಿಜವಾದ ಒಪ್ಪಿಗೆ ಇದೆಯೇ ಎಂದು ಬ್ಯಾರಿಸ್ಟರ್ ಖಚಿತಪಡಿಸಿಕೊಳ್ಳಬೇಕು, ಅಷ್ಟೆ. ಅಪ್ಪನ ಆಸ್ತಿಯ ಯೋಚನೆ, ಮನೆತನದ ಮರ್ಯಾದೆ, ‘ಅದನ್ನೆಲ್ಲ ಯಾಕೆ ಹೇಳಬೇಕು’ ಎಂಬ ಸಂಕೋಚ ಇವೆಲ್ಲ ಆ ಬಂಧುವಿನ ಪೆನ್ನಿನಲ್ಲಿ ಶಾಯಿಯ ಜೊತೆಗೇ ಇರುತ್ತವೆ.

ಇಲ್ಲಿಗೆ ಬಂದಾಗ ‘ಹಾಗಾದರೆ ಹಳೆಯ ಗೋಡೆಯೇ ವಾಸಿಯಾಗಿತ್ತಲ್ಲ’ ಎಂದು ಕೇಳಬಹುದು. ನಾನು ಒಪ್ಪುವುದಿಲ್ಲ. ಒಂದು, ಅಂಬೇಡ್ಕರರ ಬಾಂಬೆ. ಎರಡು, ಹಣ. 2013ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಹುಪಾಲು ಕೌಟುಂಬಿಕ ವ್ಯಾಜ್ಯಗಳಿಗೂ, ಆಶ್ರಯ ಕೋರದ ಬಹುಪಾಲು ವಲಸೆ ಪ್ರಕರಣಗಳಿಗೂ ಸರ್ಕಾರದ ಕಾನೂನು ನೆರವು ನಿಂತಿತು. ದೌರ್ಜನ್ಯದ ಪುರಾವೆ ಇದ್ದವರಿಗೆ ಮುಂತಾಗಿ ಕೆಲವು ವಿನಾಯಿತಿಗಳಿವೆ, ನೇರ ದಾರಿಗೆ ಇಳಿಯುವ ಮೊದಲು ಅದನ್ನು ವಿಚಾರಿಸಲೇಬೇಕು. ಉಳಿದವರ ಮುಂದೆ ಇರುವುದು ಇಬ್ಬರು ವಕೀಲರೋ ಒಬ್ಬರೋ ಎಂಬ ಆಯ್ಕೆಯಲ್ಲ, ಒಬ್ಬರೋ ಯಾರೂ ಇಲ್ಲವೋ ಎಂಬುದು. ಅಂಥವರಿಗೆ ಒಂದು ವಿಚಾರಣೆಗೆ ಸಿಕ್ಕ ಬ್ಯಾರಿಸ್ಟರೂ ಆಸರೆಯೇ.

ಭಾರತದಲ್ಲಿ ಇದು ತಿರುವುಮುರುವಾಗಿದೆ. 1961ರ ಅಡ್ವೊಕೇಟ್ಸ್ ಕಾಯಿದೆ ವಕೀಲರೆಲ್ಲರನ್ನೂ ಒಂದೇ ವರ್ಗ ಮಾಡಿತು. ಬಾಂಬೆ, ಕಲ್ಕತ್ತಾಗಳ ಎರಡು ಪಂಗಡದ ಪದ್ಧತಿಗೆ 1976ರ ತಿದ್ದುಪಡಿ ಮಂಗಳ ಹಾಡಿತು. ಕರ್ನಾಟಕದ ತಾಲ್ಲೂಕು ಕೋರ್ಟಿನಲ್ಲಿ ಕಥೆ ಕೇಳುವವರೂ, ಕಾಗದ ಹಾಕುವವರೂ, ವಾದಿಸುವವರೂ ಒಬ್ಬರೇ ವಕೀಲರು. ಆದರೆ ಮೇಲೆ ಹೋದಂತೆ ಗೋಡೆ ಮತ್ತೆ ಏಳುತ್ತದೆ. ‘ಸೀನಿಯರ್ ಅಡ್ವೊಕೇಟ್’ ಎಂಬ ಪದವಿ ಪಡೆದವರು ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಬ್ರೀಫ್ ತೆಗೆದುಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಲು ಪರೀಕ್ಷೆ ಪಾಸಾದ, ಕೋರ್ಟಿನಿಂದ 16 ಕಿಲೋಮೀಟರ್ ಒಳಗೆ ಕಚೇರಿ ಇರುವ ‘ಅಡ್ವೊಕೇಟ್ ಆನ್ ರೆಕಾರ್ಡ್’ ಬೇಕೇ ಬೇಕು. ಇಂಗ್ಲೆಂಡ್ ಗೋಡೆಯನ್ನು ಉಳಿಸಿಕೊಂಡು ಬಾಗಿಲು ಕೊರೆಯಿತು, ನಾವು ಗೋಡೆ ಕೆಡವಿ ಮಹಡಿಯ ಮೇಲೆ ಇನ್ನೊಂದು ಕಟ್ಟಿದೆವು. ಧಾರವಾಡದ ರೈತ ದೆಹಲಿಯವರೆಗೆ ಹೋದರೆ ಅವನ ಮಾತು ಊರಿನ ವಕೀಲರಿಂದ ಬೆಂಗಳೂರಿಗೆ, ಅಲ್ಲಿಂದ ಆನ್ ರೆಕಾರ್ಡಿಗೆ, ಅಲ್ಲಿಂದ ಸೀನಿಯರಿಗೆ ದಾಟುತ್ತದೆ. ಪ್ರತಿ ದಾಟಿನಲ್ಲೂ ಒಂದು ‘ಅಂತೆ’ ಉದುರುತ್ತದೆ. ಹಾಗಾಗಿ ಮಧ್ಯವರ್ತಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕೇಳುವ ಕೆಲಸ ಆಗುತ್ತದೆ ಎಂಬ ಭ್ರಮೆಯೂ ಬೇಡ.

ನನ್ನ ಬೇಡಿಕೆ ಚಿಕ್ಕದು. ನೇರ ದಾರಿಯನ್ನು ಬಣ್ಣಿಸುವವರು ‘ಸಾಲಿಸಿಟರ್ ಫೀಸು ಉಳಿಯುತ್ತದೆ’ ಎನ್ನುವ ಸಾಲಿನ ಪಕ್ಕದಲ್ಲೇ ‘ಸಾಲಿಸಿಟರ್ ಕೆಲಸ ನೀವು ಮಾಡುತ್ತೀರಿ’ ಎಂದೂ ಬರೆಯಲಿ. ಇಂಗ್ಲಿಷ್ ಕಷ್ಟವಿರುವ ಕಕ್ಷಿದಾರರಿಗೆ ಆ ಮೊದಲ ಪತ್ರ ಅವರ ಭಾಷೆಯಲ್ಲಿ ಸಿಗಲಿ. ಹೇಳಿಕೆ ಬರೆಯುವ ಹೊತ್ತಿಗೆ ಬಂಧುವಲ್ಲದ ದುಭಾಷಿಯೊಬ್ಬರು ಜೊತೆಗಿರಲಿ. ಅದರ ಖರ್ಚನ್ನು ಉಳಿದ ಫೀಸಿನ ಲೆಕ್ಕದಲ್ಲೇ ಹಿಡಿಯಬೇಕು. ಇದು ನನ್ನ ವೃತ್ತಿಯವರಿಗೆ ಕೆಲಸ ತರುವ ಮಾತು ಎಂದು ನೀವು ನಗಬಹುದು. ನಗಿ, ಆದರೆ ಮೇಲೆ ಹೇಳಿದ ‘ದೇ’ಯನ್ನು ನೆನಪಿಟ್ಟುಕೊಳ್ಳಿ.

ಅಲ್ಲಿಯವರೆಗೆ, ಫೋನಿನಲ್ಲಿ “ಮಾಡಲೇ?” ಎಂದು ಕೇಳುವವರಿಗೆ ಹೀಗೆ ಹೇಳಬಹುದು. ಬೇಕಾಗಿರುವುದು ಒಂದು ಕಾನೂನಿನ ಪ್ರಶ್ನೆಗೆ ಉತ್ತರವೋ, ಒಂದು ವಿಚಾರಣೆಯ ವಾದವೋ, ಒಂದು ಮೇಲ್ಮನವಿಯ ಕರಡೋ ಆಗಿದ್ದು, ಕಾಗದಗಳೆಲ್ಲ ಕೈಯಲ್ಲಿದ್ದರೆ ನೇರವಾಗಿ ಹೋಗಿ. ಎದುರು ಪಕ್ಷದವರು ದಿನಕ್ಕೊಂದು ಪತ್ರ ಬರೆಯುವವರಾಗಿದ್ದರೆ, ಸಾಕ್ಷಿಗಳು ನಾಲ್ಕು ಊರಿನಲ್ಲಿದ್ದರೆ, ಹಣ ಯಾರ ಹತ್ತಿರವಾದರೂ ಕಾದಿರಿಸಬೇಕಾದರೆ ಸಾಲಿಸಿಟರ್ ಬೇಕು. ಪೂರ್ತಿ ಪ್ರಕರಣಕ್ಕೆ ಆಗದಿದ್ದರೆ ದಾಖಲಿಸುವ, ಜಾರಿ ಮಾಡುವ ಕೆಲಸಕ್ಕಷ್ಟೇ ಸಿಗುತ್ತಾರೆಯೇ ವಿಚಾರಿಸಿ. ಯಾವ ದಾರಿ ಹಿಡಿದರೂ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಪ್ರಕಾರ ನಡೆದದ್ದನ್ನೆಲ್ಲ ಬರೆದಿಡಿ. ಕನ್ನಡದಲ್ಲೇ ಬರೆಯಿರಿ. ಕಂಡದ್ದಕ್ಕೆ ಕಂಡೆ ಎಂದೂ, ಕೇಳಿದ್ದಕ್ಕೆ ಅಂತೆ ಎಂದೂ ಇರಲಿ. ‘ಅವರು’ ಬಂದ ಕಡೆಯಲ್ಲೆಲ್ಲ ಪಕ್ಕದಲ್ಲಿ ಹೆಸರು ಬರೆಯಿರಿ.